ಎಣ್ಣೆ ಸಿಡಿಯದ ಅಡುಗೆಮನೆ

ನಿವೃತ್ತಿಯಾದಾಗ ಬಂದ ಹಣವನ್ನೆಲ್ಲ ಹಾಕಿ ಬಾಡಿಗೆ ಬರುವ ಮನೆಯೊಂದನ್ನು ಕೊಳ್ಳಬೇಕು, ಕೊನೆಯವರೆಗೂ ನಾವಿಬ್ಬರು ಯಾರ ಮುಂದೆಯೂ ಕೈಚಾಚಬಾರದು ಎಂಬುದು ನನ್ನ ಆಸೆ. ಅದು ಬಿಟ್ಟರೆ ನಮಗೆ ಬೇರೆ ದುಡ್ಡಿರಲಿಲ್ಲ. ಕಾಡುಗೋಡಿಯಲ್ಲಿ ಆರು ಮನೆಗಳಿರುವ ಕಟ್ಟಡವೊಂದು ಮಾರಾಟಕ್ಕಿದೆ ಎಂದು ಬ್ರೋಕರ್ ಫೋನ್ ಮಾಡಿದಾಗ ಹೊರಟೆ. ಹೆಂಡತಿಯೂ ಬಂದಳು.

ಮೂವತ್ತು ವರ್ಷ ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿದವನು ನಾನು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ವಾಪಸು ಕಳಿಸುತ್ತಿದ್ದೆ. ಅದೇ ಜಂಬದಲ್ಲಿ ಗೋಡೆಗೋಡೆಗೂ ರಸಮಟ್ಟ ಹಿಡಿದೆ, ಟೇಪು ಎಳೆದೆ, ಮೆಟ್ಟಿಲು ಎಣಿಸಿದೆ. ಒಂದು ತಪ್ಪೂ ಸಿಗಲಿಲ್ಲ.

"ಎಲ್ಲಾ ಫುಲ್ ಸಾರ್, ಒಂದು ಮನೆನೂ ಖಾಲಿ ಇಲ್ಲ" ಎಂದ ಬ್ರೋಕರ್. ನಿಜವೇ. ಬಾಗಿಲುಗಳಲ್ಲಿ ಚಪ್ಪಲಿ, ತಂತಿಯ ಮೇಲೆ ಬಟ್ಟೆ, ಒಳಗೆ ಜನ. ಅಡ್ವಾನ್ಸ್ ಕೊಡಲು ನಾನು ಚೆಕ್ಕು ತೆಗೆಯುವಷ್ಟರಲ್ಲಿ, ನೀರು ಕುಡಿಯಲು ಒಂದು ಮನೆಯೊಳಗೆ ಹೋಗಿದ್ದ ಹೆಂಡತಿ ಬಂದು ನನ್ನ ತೋಳು ಚಿವುಟಿದಳು. "ಯೋಚನೆ ಮಾಡಿ ಹೇಳ್ತೀವಿ" ಎಂದು ಬ್ರೋಕರ್‌ಗೆ ಹೇಳಿ ನನ್ನನ್ನು ಹೊರಡಿಸಿಯೇಬಿಟ್ಟಳು.

ರಸ್ತೆಗೆ ಬಂದದ್ದೇ ರೇಗಿದೆ. "ಏನಾಯ್ತು ನಿನಗೆ?"

"ಎರಡು ವರ್ಷದಿಂದ ಇಲ್ಲೇ ಇದೀನಿ ಅಂದ್ಳು ನೀರು ಕೊಟ್ಟ ಆಯಮ್ಮ. ಒಲೆ ಹಿಂದಿನ ಗೋಡೆ ಮೇಲೆ ಒಂದು ಎಣ್ಣೆ ಕಲೆ ಇಲ್ಲ. ಎರಡು ವರ್ಷ ಒಗ್ಗರಣೆನೇ ಹಾಕ್ದೆ ಯಾರ್ರೀ ಬದುಕ್ತಾರೆ?"

"ಚೊಕ್ಕಟವಾಗಿ ಇಟ್ಕೊಂಡಿರ್ತಾಳೆ ಕಣೇ. ಎಲ್ಲರೂ ನಿನ್ ಥರಾನೇನು?"

ಅವಳು ಮುಖ ತಿರುಗಿಸಿ ಮುಂದೆ ಮುಂದೆ ನಡೆದಳು. ನನಗೂ ಸಿಟ್ಟು. ಅವಳ ಮಾತು ಸುಳ್ಳೆಂದು ತೋರಿಸಲೆಂದೇ ಮರುದಿನ ಬೆಳಿಗ್ಗೆ, ಬ್ರೋಕರ್‌ಗೂ ಹೇಳದೆ, ಅವಳನ್ನು ಅಲ್ಲಿಗೆ ಕರೆದೊಯ್ದೆ.

ಆರೂ ಬಾಗಿಲಿಗೆ ಬೀಗ. ಒಂದು ಹೊಸಿಲ ಮುಂದೂ ರಂಗೋಲಿಯಿಲ್ಲ. ತಂತಿ ಬರಿದಾಗಿತ್ತು. ಎದುರು ಮನೆಯ ಅಜ್ಜಿ ಅಂಗಳ ಗುಡಿಸುತ್ತಿದ್ದರು. ಕೇಳಿದ್ದಕ್ಕೆ ಪೊರಕೆ ಗೋಡೆಗೊರಗಿಸಿ ಹತ್ತಿರ ಬಂದರು.

"ಬೋರ್ ಬತ್ತೋಗಿ ವರ್ಸ ಆಯ್ತು ಕಣಪ್ಪ. ನೀರಿಲ್ದೆ ಇದ್ದೋರೆಲ್ಲ ಬಿಟ್ಟೋದ್ರು. ಆಮೇಲೆ ಮಾರಕ್ಕೆ ಅಂತ ಒಳಗೆಲ್ಲ ಹೊಸಾ ಬಣ್ಣ ಹೊಡ್ಸಿದ್ರು. ನಿನ್ನೆ ಇದ್ದೋರು ಓನರ್ ಕಡೆ ನೆಂಟ್ರು. ಮನೆ ನೋಡಕ್ಕೆ ಯಾರಾದ್ರೂ ಬತ್ತಾರೆ ಅಂದ್ರೆ ಇಂಗೇ ಬಂದು ಕೂತ್ಕತ್ತಾರೆ."

ಅಜ್ಜಿಯ ಜಗುಲಿಯ ಮೇಲೆ ಕುಸಿದು ಕೂತೆ. ಅವರು ತಂದುಕೊಟ್ಟ ನೀರು ಕುಡಿದ ಮೇಲೆ ಉಸಿರು ಬಂತು, ಆಮೇಲೆ ತಡೆಯಲಾಗದ ನಗು. ಬದುಕಿದೆವು ಎನ್ನಿಸಿತು. ಹೆಂಡತಿ ಮಾತ್ರ ನಗಲಿಲ್ಲ, ನನ್ನ ಬೆನ್ನು ಸವರುತ್ತ ನಿಂತಿದ್ದಳು.

ಹಿಂದಿನ ದಿನ ಹೊರಡುವಾಗ ಅವಳಿಗೆ, "ಇದೆಲ್ಲ ನಿನಗೆ ಗೊತ್ತಾಗಲ್ಲ, ಮನೇಲಿರು" ಅಂದಿದ್ದೆ. ಅವಳು ಕೇಳಿಸಿಕೊಂಡೂ ಚಪ್ಪಲಿ ಮೆಟ್ಟಿ ಬಂದಿದ್ದಳು.