ಪಾರ್ಕಿನ ಪಾಲಾದ ಅಕ್ಕ

ಹುಲ್ಲು ಕತ್ತರಿಸುವ ಮೆಷಿನ್ನು ಬಂದ ದಿನ ನಮ್ಮ ಓಣಿಗೆಲ್ಲ ಒಂದು ವಾಸನೆ ಹರಡುತ್ತದೆ. ಪೆಟ್ರೋಲಿನ ಹೊಗೆ ಅರ್ಧ, ಹಸಿ ಹುಲ್ಲಿನದು ಅರ್ಧ. ಎಲ್ಲರೂ ಆಹಾ ಎಂದು ಮೂಗರಳಿಸುತ್ತಾರೆ. ನಾನು ಮಾತ್ರ ಎದ್ದು ಹೋಗಿ ಕಿಟಕಿ ಹಾಕುತ್ತೇನೆ. ಇವತ್ತು ಬೆಳಿಗ್ಗೆಯೂ ಹಾಕಿದೆ. ಹಾಕಿದ ಮೇಲೂ ಅದು ಸಂದಿಯಿಂದ ಒಳಗೆ ಬಂತು, ಬರುವಾಗ ಪಕ್ಕದ ಮನೆ ಅಕ್ಕನನ್ನೂ ಕರೆದುಕೊಂಡು ಬಂತು...

ನನಗೆ ಆ ಪಾರ್ಕಿನ ಮೇಲೆ ಹೊಟ್ಟೆಕಿಚ್ಚು. ಹೇಳಿದರೆ ನಗುತ್ತೀರಿ. ಓರಗಿತ್ತಿಯ ಒಡವೆ ಮೇಲೆ ಹೊಟ್ಟೆಕಿಚ್ಚು ಪಡುವವರುಂಟು, ಎದುರು ಮನೆಯವರ ಕಾರಿನ ಮೇಲೆ ಪಡುವವರುಂಟು. ಹುಲ್ಲು, ಬೆಂಚು, ನಾಲ್ಕು ದೀಪದ ಕಂಬ ಇರುವ ಜಾಗದ ಮೇಲೆ ಯಾರಾದರೂ ಪಡುತ್ತಾರೆಯೇ? ನಾನು ಪಟ್ಟೆ. ಈಗಲೂ ಪಡುತ್ತಿದ್ದೇನೆ.

ತುಮಕೂರಿನ ಬಟವಾಡಿಯ ಈ ಓಣಿಗೆ ನಾನು ಸೊಸೆಯಾಗಿ ಬಂದಾಗ ಅಕ್ಕ ಆಗಲೇ ಪಕ್ಕದ ಮನೆಯಲ್ಲಿದ್ದರು. ನಿಟ್ಟೂರಿನ ಹತ್ತಿರ ತೋಟ ಇರುವವರ ಮಗಳು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ನಮ್ಮ ಮನೆಯೊಳಗೆ ಉರ್ದು, ಬಾಗಿಲು ದಾಟಿದರೆ ಕನ್ನಡ. ಅಕ್ಕ ಬಂದರೆ ಮಾತ್ರ ಒಳಗೂ ಕನ್ನಡವೇ. ನಮ್ಮ ಯಜಮಾನರದು ಪಾತ್ರೆ ಅಂಗಡಿ. ನಾನು ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಹೆಂಗಸರ ಬಟ್ಟೆ ಹೊಲಿಯುತ್ತೇನೆ. ಸಂಜೆಮುಂದಿನ ಅಸರ್ ನಮಾಜು ಮುಗಿಸಿ ನಾನು ಹೊಲಿಗೆಗೆ ಕೂರುವ ಹೊತ್ತಿಗೆ ಅಕ್ಕ ಬಂದು ಮೆಟ್ಟಿಲ ಮೇಲೆ ಕೂತು, ನಾನು ಕೇಳದೆಯೇ ಒಂದು ಬ್ಲೌಸ್ ಎತ್ತಿಕೊಂಡು ಹುಕ್ಕು ಹಾಕಲು ಶುರು ಮಾಡುತ್ತಿದ್ದರು. ಅವರು ಹಾಕಿದ ಹುಕ್ಕುಗಳು ಯಾವಾಗಲೂ ಸ್ವಲ್ಪ ಓರೆ. ಅವರು ಹೋದ ಮೇಲೆ ಬಿಚ್ಚಿ ಮತ್ತೆ ಹಾಕುತ್ತಿದ್ದೆ. ಅದನ್ನು ಅವರಿಗೆ ಹೇಳಲಿಲ್ಲ.

ಏನು ಮಾತಾಡುತ್ತಿದ್ದೆವು ಎಂದು ಈಗ ನೆನಪು ಮಾಡಿಕೊಂಡರೆ ಅಂಥದ್ದೇನೂ ಸಿಗುವುದಿಲ್ಲ. ಕಾಯಿ ಬೆಲೆ, ನನ್ನ ನಾದಿನಿಯ ಮದುವೆ, ಅವರ ಅತ್ತೆ... ಆ ಅತ್ತೆ ಒಳಕೋಣೆಯ ಮಂಚದ ಮೇಲಿಂದಲೇ ಮನೆ ಆಳುತ್ತಿದ್ದ ಮುದುಕಿ. ಹೆಂಗಸರ ದನಿ ಬೀದಿಗೆ ಕೇಳಬಾರದು ಎನ್ನುವುದು ಆ ಮನೆಯ ಕಾನೂನು. ಅದಕ್ಕೇ ಏನೋ ಅಕ್ಕನದು ಬಲು ಸಣ್ಣ ದನಿ. ಮೆಷಿನ್ ತುಳಿಯುವುದು ನಿಲ್ಲಿಸಿದರೆ ಮಾತ್ರ ಕೇಳುತ್ತಿತ್ತು.

ಆಮೇಲೆ ಊರು ಅಗೆಯಲು ಶುರುವಾಯಿತು. ತುಮಕೂರು ಹೊಸದಾಗುತ್ತದೆ ಎಂದರು. ಒಳಚರಂಡಿಗೆ ಒಂದು ಸಲ, ಕೇಬಲ್ಲಿಗೆ ಒಂದು ಸಲ, ಫುಟ್‌ಪಾತಿಗೆ ಇನ್ನೊಂದು ಸಲ ನಮ್ಮ ಓಣಿಯನ್ನು ಅಗೆದರು. ಆಟೋ ಬರುವುದು ನಿಂತಿತು. ಹಾಲಿನವನು ಮೂಲೆಯಲ್ಲೇ ನಿಂತು ಕೂಗುತ್ತಿದ್ದ. ಪ್ರತಿ ಮನೆಯ ಮುಂದೆ ಗುಂಡಿ, ಗುಂಡಿಯ ಮೇಲೊಂದು ಹಲಗೆ. ಓಣಿಯವರೆಲ್ಲ ಬೈದರು. ನಾನೂ ಬೈದೆ, ಬಾಯಿಮಾತಿಗೆ. ಒಳಗೊಳಗೆ ನನಗೆ ಖುಷಿಯೇ. ಯಾಕೆಂದರೆ ಅಕ್ಕನಿಗೆ ಬೇರೆಲ್ಲೂ ಹೋಗುವಂತಿರಲಿಲ್ಲ. ಕ್ಯಾತ್ಸಂದ್ರದ ತಂಗಿ ಮನೆ ದೂರವಾಯಿತು, ದೇವಸ್ಥಾನ ದೂರವಾಯಿತು, ನಮ್ಮ ಮೆಟ್ಟಿಲು ಮಾತ್ರ ಹತ್ತಿರವೇ ಉಳಿಯಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಬರುತ್ತಿದ್ದರು. ಧೂಳಿಗೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, “ಇವ್ರು ಅದ್ಯಾವಾಗ್ ಮುಗಿಸ್ತಾರೋ ಕಾಣೆ ಕಣೇ” ಅನ್ನುತ್ತಿದ್ದರು. ಮುಗಿಯದೆ ಇರಲಿ ಎಂದು ನಾನು ಅಂದುಕೊಳ್ಳುತ್ತಿದ್ದೆ.

ಮುಗಿಯಿತು. ಒಪ್ಪಿಕೊಳ್ಳಬೇಕು, ಚೆನ್ನಾಗಿಯೇ ಆಯಿತು. ಗಟ್ಟಿ ರಸ್ತೆ, ಎಡವದೆ ನಡೆಯುವಂಥ ಫುಟ್‌ಪಾತ್, ಹೊತ್ತಿಗೆ ಸರಿಯಾಗಿ ಉರಿಯುವ ದೀಪ. ಓಣಿಯ ಕೊನೆಯಲ್ಲಿ ಹಂದಿ ಓಡಾಡುತ್ತಿದ್ದ, ಕಟ್ಟಡದ ಕಸ ಸುರಿಯುತ್ತಿದ್ದ ಜಾಗದಲ್ಲಿ ಪಾರ್ಕು ಎದ್ದಿತು. ಸುತ್ತಲೂ ನಡೆಯುವ ದಾರಿ, ನಡುವೆ ಹುಲ್ಲು, ಒಂದು ಮೂಲೆಯಲ್ಲಿ ಕೈಕಾಲು ಆಡಿಸುವ ಕಬ್ಬಿಣದ ಸಲಕರಣೆಗಳು. ಅದೇ ಸಮಯಕ್ಕೆ ಅಕ್ಕನಿಗೆ ಶುಗರ್ ಬಂತು. ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರಿಂದ ಅತ್ತೆಯೂ ಬಾಯಿ ಮುಚ್ಚಿಕೊಂಡರು.

ಮೊದಲ ದಿನ ಹೋಗಿ ಬಂದವರೇ ನಮ್ಮ ಮನೆಗೆ ಬಂದರು. ಕೂರಲಿಲ್ಲ, ನಿಂತೇ ಮಾತಾಡಿದರು.

“ಬಾರೇ ನೀನೂ. ಒಂದ್ ರೌಂಡ್ ಹಾಕುದ್ರೆ ಮೈಯೆಲ್ಲ ಹಗುರಾಯ್ತದೆ.”

“ಆ ಹೊತ್ತಿಗೆ ಮಗ್ರಿಬ್ ಅಕ್ಕ. ಹೊಲಿಗೆನೂ ಬಿದ್ದಿದೆ.”

“ನಮಾಜ್ ಮುಗಿಸ್ಕೊಂಡೇ ಬಾ. ಲೈಟ್ ಹಾಕಿರ್ತಾರೆ.”

ನನ್ನದು ಬರೀ ನೆಪ. ನಮ್ಮವರೇ ಎಷ್ಟೋ ಜನ ಬುರ್ಖಾದ ಕೆಳಗೆ ಬಿಳಿ ಶೂ ಹಾಕಿಕೊಂಡು ಅಲ್ಲಿ ಸುತ್ತು ಹೊಡೆಯುತ್ತಿದ್ದರು. ನಾನು ಹೋಗದೆ ಇದ್ದದ್ದು ಬಿಗುಮಾನಕ್ಕೆ. ನಾನು ಹೋಗದಿದ್ದರೆ ನಾಲ್ಕು ದಿನಕ್ಕೆ ಅವರಿಗೂ ಬೇಜಾರಾಗಿ ವಾಪಸ್ ಬರುತ್ತಾರೆ ಅಂದುಕೊಂಡಿದ್ದೆ. ಬೇಜಾರಾಗಲಿಲ್ಲ. ಅಲ್ಲಿ ಐದಾರು ಜನರ ಗುಂಪು ಸಿಕ್ಕಿತು. ದಿನಾ ಸಂಜೆ ನಮ್ಮ ಮನೆಗೆ ಬರುತ್ತಿದ್ದ ಅಕ್ಕ ಎರಡು ದಿನಕ್ಕೊಮ್ಮೆ, ಆಮೇಲೆ ಭಾನುವಾರ ಮಾತ್ರ ಬರತೊಡಗಿದರು. ಬಂದರೂ ಮಾತೆಲ್ಲ ಆ ಗುಂಪಿನದ್ದೇ. ನಮ್ಮ ಗುಂಪಿನ ಮೇಡಮ್ಮು ಹಾಗಂದರು, ನಮ್ಮ ಗುಂಪಿನ ಟೀಚರು ಹೀಗಂದರು. ನಮ್ಮ ಗುಂಪು ಅಂತೆ! ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿಲ್ಲ ಹಿರಿಯರು. ಹುಕ್ಕಿಲ್ಲದ ಬ್ಲೌಸುಗಳು ಬುಟ್ಟಿಯಲ್ಲಿ ರಾಶಿ ಬಿದ್ದವು. ನಾನೇ ನೆಟ್ಟಗೆ ಹಾಕುತ್ತಾ ಕೂತೆ.

ಒಂದು ದಿನ ಬಂದು, ನಡೆಯಲು ಸೀರೆ ತೊಡರುತ್ತದೆ, ಒಂದು ಚೂಡಿದಾರ ಹೊಲಿದುಕೊಡು ಅಂದರು. ಜನ್ಮದಲ್ಲಿ ಸೀರೆ ಬಿಟ್ಟು ಬೇರೆ ಉಟ್ಟವರಲ್ಲ.

“ಅತ್ತೆ ಏನೂ ಅನ್ನಲ್ವಾ ಅಕ್ಕ?”

“ಅವ್ರಿಗೀಗ ಕಣ್ಣು ಅಷ್ಟಾಗಿ ಕಾಣಲ್ಲ ಬುಡು.”

ಒಲ್ಲದ ಮನಸ್ಸಿನಿಂದ ಅಳತೆ ತೆಗೆದೆ. ಆದರೆ ಹೊಲಿದೆ, ನನ್ನ ಕೈಯಲ್ಲಿ ಅದಕ್ಕಿಂತ ಚೆಂದದ ಚೂಡಿದಾರ ಬಂದಿಲ್ಲ. ಆ ಗುಂಪಿನವರು ನೋಡಬೇಕು, ಯಾರು ಹೊಲಿದದ್ದು ಎಂದು ಕೇಳಬೇಕು, ಅಕ್ಕ ನನ್ನ ಹೆಸರು ಹೇಳಬೇಕು ಎನ್ನುವ ಆಸೆ. ನೋಡಿದರು, ಕೇಳಿದರು, ಅಕ್ಕ ಹೇಳಿದರು. ಆದದ್ದೇನು? ಗುಂಪಿಗೆ ಗುಂಪೇ ಬಟ್ಟೆ ಹಿಡಿದುಕೊಂಡು ನಮ್ಮ ಮನೆಗೆ ಬಂತು. ಅಕ್ಕ ಕೂರುತ್ತಿದ್ದ ಮೆಟ್ಟಿಲ ಮೇಲೆ ಅವರು ಕೂತರು. ನನ್ನ ಹೊಟ್ಟೆಕಿಚ್ಚಿಗೆ ಮೈಗೊಪ್ಪುವ ಬಟ್ಟೆ ನಾನೇ ಹೊಲಿದು ಕೊಟ್ಟ ಹಾಗಾಯಿತು.

ಅವರಲ್ಲಿ ಟೀಚರಾಗಿದ್ದವರು ಅಳತೆ ಕೊಡುತ್ತಾ ಅಂದರು, “ನಿಮ್ ಪಕ್ಕದ್ಮನೆಯವ್ರು ಏನ್ ಚೆನ್ನಾಗ್ ಪದ ಹೇಳ್ತಾರ್ರೀ. ಸೋಬಾನೆ ಪದ. ಗೇಟಿನ ವಾಚ್‌ಮನ್ ಕೂಡ ಹತ್ರ ಬಂದ್ ನಿಂತ್ಕೋತಾನೆ. ಆದ್ರೆ ಯಾರಾದ್ರೂ ಫೋನ್ ಎತ್ತಿದ್ರೋ, ಅಲ್ಲಿಗೆ ನಿಲ್ಲಿಸ್ಬಿಡ್ತಾರೆ.”

ನನ್ನ ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಅದೇ ಒಳ್ಳೆಯದಾಯಿತು. ತಲೆ ಮಾತ್ರ ಆಡಿಸಿದೆ.

ಅಷ್ಟು ವರ್ಷ ಒಂದೇ ಗೋಡೆಯ ಆಚೆ ಈಚೆ ಇದ್ದೆವು. ನಮ್ಮ ರಂಜಾನಿನ ಗಂಜಿ ಆ ಮನೆಗೆ, ಅವರ ತೋಟದ ಎಳನೀರು ಈ ಮನೆಗೆ. ಅವರಿಗೆ ಯಾವ ಹಲ್ಲು ನೋಯುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಹಾಡುತ್ತಾರೆ ಎಂದು ಗೊತ್ತಿರಲಿಲ್ಲ. ನಿನ್ನೆ ಮೊನ್ನೆ ಸಿಕ್ಕವರಿಗೆ ಗೊತ್ತಿತ್ತು.

ಭಾನುವಾರ ಅಕ್ಕ ಬಂದಾಗ ಕೇಳಿಯೇ ಬಿಟ್ಟೆ. “ಅಕ್ಕ, ಪದ ಹೇಳ್ತೀರಂತೆ?”

ಮುಖ ಕೆಂಪಾಯಿತು. “ಅಯ್ಯೋ, ಯಾರ್ ಹೇಳುದ್ರು ನಿಂಗೆ? ನಮ್ಮಜ್ಜಿ ಹೇಳ್ತಿದ್ರು ಕಣೇ. ಅವು ಯಾವಾಗ್ಲೋ ಕೇಳಿದ್ದು.”

“ನಂಗೂ ಒಂದು ಹೇಳಿ.”

ಅವರು ತಮ್ಮ ಮನೆಯ ಕಡೆ ಒಮ್ಮೆ ನೋಡಿದರು. ಸೆರಗು ಸರಿ ಮಾಡಿಕೊಂಡರು. ಉಸಿರು ಎಳೆದುಕೊಂಡರು. ಬಾಯಿ ತೆರೆದರು... ದನಿ ಬರಲಿಲ್ಲ. ಇನ್ನೊಂದು ಸಲ ಪ್ರಯತ್ನಿಸಿದರು. ಗಂಟಲಲ್ಲೇ ಏನೋ ಗುಂಯ್ ಅಂದು ನಿಂತಿತು.

“ಇಲ್ಲಿ ಆಗಲ್ಲ ಕಣೇ. ನೀನು ಅಲ್ಲಿಗೆ ಬಾ. ಅಲ್ಲಾದ್ರೆ ತಾನಾಗೇ ಬತ್ತದೆ.”

ನನಗೆ ಸಿಟ್ಟು ಬಂತು. ನನ್ನ ಮೆಟ್ಟಿಲ ಮೇಲೆ ಇಲ್ಲದ್ದು ಆ ಸಿಮೆಂಟಿನ ಬೆಂಚಿನ ಮೇಲೆ ಏನಿದೆ? “ನೋಡೋಣ ಅಕ್ಕ” ಅಂದೆ. ನೋಡೋಣ ಅಂದರೆ ಇಲ್ಲ ಅಂತಲೇ. ಅವರಿಗೂ ಗೊತ್ತಿತ್ತು. ಸೊಸೆ, ಹೆಂಡತಿ, ತಾಯಿ ಯಾವುದೂ ಅಲ್ಲದೆ ಇರುವುದಕ್ಕೆ ಅವರಿಗೆ ಸಿಕ್ಕಿದ್ದು ಅದೊಂದೇ ಜಾಗ ಎಂದು ಈಗ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಹೊಟ್ಟೆ ತಣ್ಣಗಾಗುವುದಿಲ್ಲ.

ಅಲ್ಲಿಂದ ಹೆಚ್ಚು ದಿನ ಆಗಲಿಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದವರು ಅಲ್ಲೇ ಕುಸಿದರು. ಎತ್ತಿದ ನಾಲ್ಕು ಕೈಗಳಲ್ಲಿ ಎರಡು ನನ್ನವು. ಆಸ್ಪತ್ರೆಗೆ ಆಟೋ ಹೊಸ ರಸ್ತೆಯಲ್ಲಿ ಎಲ್ಲೂ ಕುಲುಕದೆ ಹೋಯಿತು. ಆದರೂ ಉಳಿಯಲಿಲ್ಲ... ಹಾರ್ಟು ಅಂದರು. ಮಧ್ಯಾಹ್ನ ಅಂಗಳದಲ್ಲಿ ಮಲಗಿಸಿದಾಗ ಪಾರ್ಕಿನವರು ಗುಂಪಾಗಿ ಬಂದು ತಲೆಯ ಹತ್ತಿರವೇ ಕೂತು ದೊಡ್ಡ ದನಿ ತೆಗೆದು ಅತ್ತರು. ನಾನು ಗೇಟಿನ ಹತ್ತಿರ ನಿಂತಿದ್ದೆ. ಅವರ ಅಳುವಿನ ಮೇಲೂ ನನಗೆ ಹೊಟ್ಟೆ ಉರಿಯಿತು.

ಅಕ್ಕನ ಯಜಮಾನರು ತಾಯಿಯನ್ನು ಕರೆದುಕೊಂಡು ಮಗನ ಮನೆಗೆ ಹೋದರು, ಈಗ ಆ ಮನೆಗೆ ಬಾಡಿಗೆಯವರು ಬಂದಿದ್ದಾರೆ. ಒಳ್ಳೆಯವರೇ. ಮಂಡಿ ನೋವಿಗೆ ನಡೆಯಬೇಕು ಎಂದು ನನಗೂ ಡಾಕ್ಟರು ಹೇಳಿದ ಮೇಲೆ ಬೇರೆ ದಾರಿಯಿಲ್ಲದೆ ನಾನೂ ಮಗ್ರಿಬ್ ಮುಗಿಸಿ ಪಾರ್ಕಿಗೆ ಹೋಗುತ್ತೇನೆ. ಆ ಗುಂಪಿನವರು ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಾರೆ. ಅಕ್ಕನ ಪದಗಳ ಮಾತು ಈಗಲೂ ಬರುತ್ತದೆ. ಅದರಲ್ಲಿ ಹಾಗೆ ಬರುತ್ತಿತ್ತಲ್ಲ, ಇದರಲ್ಲಿ ಹೀಗೆ ಎಳೆಯುತ್ತಿದ್ದರಲ್ಲ ಎಂದು ಒಬ್ಬರಿಗೊಬ್ಬರು ಜ್ಞಾಪಿಸಿಕೊಳ್ಳುತ್ತಾರೆ. ನಾನು ದೀಪದ ಕಡೆ ನೋಡುತ್ತಾ ಕೂರುತ್ತೇನೆ.

ಇವತ್ತು ಸಂಜೆ ಕುಣಿಗಲ್ ಕಡೆಯಿಂದ ಹೊಸದಾಗಿ ಬಂದು ಸೇರಿದ ಒಬ್ಬ ಹೆಂಗಸು ನನ್ನ ಕಡೆ ತಿರುಗಿ ಅಂದಳು, “ನೀವೇ ಪುಣ್ಯವಂತ್ರು ಬುಡಿ. ಪಕ್ಕದ್ಮನೆ. ದಿನಾ ಕೇಳ್ತಿದ್ರೇನೋ.”

“ಹೂಂ, ದಿನಾ” ಅಂದೆ. ಅಷ್ಟಕ್ಕೆ ನಿಲ್ಲಲಿಲ್ಲ ನನ್ನ ನಾಲಿಗೆ. “ಇಲ್ಲಿ ಹೇಳದೆ ಇದ್ದ ಪದಗಳೂ ಎಷ್ಟೋ ಇದ್ವು. ಅವು ನಂಗೊಬ್ಬಳಿಗೇ ಹೇಳ್ತಿದ್ರು.”

ಬೆಂಚಿನ ಮೇಲಿದ್ದವರ ಮುಖ ಸಣ್ಣಗಾಯಿತು. ಅದನ್ನು ನೋಡಿ ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಟೀಚರು ನನ್ನ ಕೈ ಹಿಡಿದುಕೊಂಡು, “ಒಂದ್ ಸಾಲು ಹೇಳಿ, ನಾವೂ ಕೇಳಿಸ್ಕೋತೀವಿ” ಅಂದರು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಹತ್ತಿರ ಒಂದು ಸಾಲೂ ಇರಲಿಲ್ಲ.