ಅವ್ವನ ತೂಕದ ಬೆಲ್ಲ

ನಿಜಾಮರ ಕಾಲದ ಮಾತು. ಅವ್ವನ ಹೊಕ್ಕಳ ಬಳಿ ಕರುಳು ಜಾರಿ ಗಂಟಾಗಿತ್ತು. ಕೊಯ್ದು ಸರಿಮಾಡಬಹುದು, ಆದರೆ ಇಷ್ಟು ದಪ್ಪ ಮೈಗೆ ಕ್ಲೋರೋಫಾರ್ಮ್ ಕೊಟ್ಟರೆ ಉಸಿರೇ ನಿಂತೀತು, ಮೊದಲು ಮೈ ಇಳಿಯಲಿ ಎಂದರು ಕಲಬುರಗಿಯ ಡಾಕ್ಟರ್ ಸಾಹೇಬರು. ಅವರಿಗೆ ಅದೊಂದು ಹುಚ್ಚು. ದಪ್ಪಗಿನವರನ್ನೆಲ್ಲ ಸೇರಿಸಿ, ಅಳೆದ ಊಟ ಹೇಳಿ, ವಾರವಾರ ತೂಗಿ, ಮೈ ಯಾಕೆ ಬೆಳೆಯುತ್ತದೆ, ಹೇಗೆ ಇಳಿಯುತ್ತದೆ ಎಂದು ಶೋಧ ನಡೆಸಿದ್ದರು. ದವಾಖಾನೆಯಲ್ಲಿ ತೂಗುವ ದೊಡ್ಡ ಕಾಟಾ ಇರಲಿಲ್ಲ. ರೈಲು ಸ್ಟೇಶನ್ನಿನ ಮಾಲು ತೂಗುವ ಕಾಟಾದ ಮೇಲೆ, ಹತ್ತಿ ಗಂಟುಗಳ ನಡುವೆ ಅವ್ವ ಸೆರಗು ಎಳೆದುಕೊಂಡು ನಿಲ್ಲಬೇಕು, ಹಮಾಲರು ಕಣ್ಣು ಬಿಟ್ಟು ನೋಡಬೇಕು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು.

ಸ್ಟೇಶನ್ ಬಜಾರದ ನನ್ನ ಮನೆಯಲ್ಲೇ ಅವ್ವನನ್ನು ಇಟ್ಟುಕೊಂಡಿದ್ದೆ. ತೆಳ್ಳಗಿನ ಜೋಳದ ರೊಟ್ಟಿ, ಪುಂಡಿಪಲ್ಯ, ನೀರುಮಜ್ಜಿಗೆ. ಮೊದಮೊದಲು ತೂಕ ಇಳಿಯಿತು. ಆಮೇಲೆ ಏರತೊಡಗಿತು! ಸಾಹೇಬರು ಕಳ್ಳಿಯನ್ನು ನೋಡುವ ಹಾಗೆ ನನ್ನನ್ನು ನೋಡಿದರು. ತಲೆ ಚಿಟ್ಟು ಹಿಡಿದು, ಮನೆಗೆ ಬಂದವಳೇ ಅವ್ವನ ಹಾಸಿಗೆ ಕೊಡವಿದೆ. ಶೇಂಗಾ ಹೋಳಿಗೆಗಳು ಬಿದ್ದವು. ಮಗಳ ಮನೆಗೆಂದು ಕಮಲಾಪುರದಿಂದ ಪ್ರತಿ ಸಂತೆಗೆ ಬರುತ್ತಿದ್ದ ಅಪ್ಪನ ಕೆಲಸ.

ಕೇಳಿದರೆ ಅವ್ವನಿಗೆ ನಾಚಿಕೆಯಿಲ್ಲ. ಅವಳು ಗುಣವಾದರೆ ಅವಳ ತೂಕದ ಬೆಲ್ಲ ಹಂಚುತ್ತೇನೆಂದು ಅಪ್ಪ ಊರ ದೇವರಿಗೆ ಹರಕೆ ಹೊತ್ತಿದ್ದನಂತೆ. ಹೊತ್ತಾಗ ಇದ್ದ ತೂಕ ದೇವರದಾಯಿತು, ಈಗ ಕರಗಿದರೆ ದೇವರಿಗೆ ಮೋಸವಂತೆ. ಎತ್ತು ಏರಿಗೆ, ಕೋಣ ನೀರಿಗೆ! ಜೀವ ಹೋಗುತ್ತದೆಂದು ನಾನು ರೊಟ್ಟಿ ಅಳೆಯುವುದು, ಬೆಲ್ಲ ಕಡಿಮೆಯಾಗುತ್ತದೆಂದು ಇವರು ಹೋಳಿಗೆ ತುರುಕುವುದು.

ಮುಂದಿನ ಸಂತೆಗೆ ಅಪ್ಪ ಬಂದಾಗ ಬಾಗಿಲಲ್ಲೇ ತಡೆದೆ. ದೇವರಿಗೆ ಬೆಲ್ಲ ಬೇಕೋ, ನಿನಗೆ ಹೆಂಡತಿ ಬೇಕೋ ಎಂದು ಬಾಯಿಗೆ ಬಂದಂತೆ ಬೈದೆ. ಅಪ್ಪ ಕಟ್ಟೆಯ ಮೇಲೆ ಕುಳಿತ.

"ಪ್ಲೇಗಿನಾಗ ನಮ್ಮ ಮನ್ಯಾಗ ಸೊರಗಿದವ್ರು ಒಬ್ರರೆ ಉಳದಾರೇನು? ಇಕಿ ಮೈ ಇಳೀತು ಅಂತ ನೀ ಹಿಗ್ತಿ. ನನಗ ನಿದ್ದಿ ಬರವಲ್ದು."

ಬೆಲ್ಲ ಬರೀ ನೆಪ. ನನ್ನ ಸಿಟ್ಟು ಇಳಿಯಲಿಲ್ಲ, ಬೈಯಲು ಮಾತ್ರ ಆಗಲಿಲ್ಲ. ಕಡೆಗೆ ಸಾಹೇಬರನ್ನು ಅವ್ವನ ಮೊದಲ ತೂಕ ಕೇಳಿ, ಅಷ್ಟು ಬೆಲ್ಲ ಈಗಲೇ ತಂದು ಎತ್ತಿಡು, ದೇವರದು ದೇವರಿಗಿರಲಿ ಎಂದು ಅಪ್ಪನಿಗೆ ಹೇಳಿದೆ. ಬೆಲ್ಲ ಮನೆಗೆ ಬಂದ ಮೇಲೆ ಅವ್ವ ತುಟಿಪಿಟಕ್ಕೆನ್ನದೆ ಪುಂಡಿಪಲ್ಯ ತಿಂದಳು. ಮೈ ಇಳಿಯಿತು. ಗಂಟು ಕೊಯ್ದರು. ಅವ್ವ ಉಳಿದಳು.

ಕಮಲಾಪುರದ ಗುಡಿಯ ಮುಂದೆ ಹತ್ತಿ ತೂಗುವ ತಕ್ಕಡಿ ಕಟ್ಟಿದರು. ಬೆಲ್ಲದ ತಟ್ಟೆ ನೆಲ ಬಿಟ್ಟು ಏಳಲಿಲ್ಲ, ಅವ್ವ ಮೇಲೆ ತೂಗಾಡಿದಳು. ನಾಲ್ಕು ಹೆಂಟೆ ಬೆಲ್ಲ ತೆಗೆದರಾಯಿತು ಎಂದರು ಪೂಜಾರಿ. ಅಪ್ಪ ಒಪ್ಪಲಿಲ್ಲ. ಇನ್ನೇನು ಹೊಸ ರಗಳೆಯೋ ಎಂದು ನಾನು ಹಲ್ಲು ಕಚ್ಚಿದೆ. ಅವನು ಅವ್ವನ ಪಕ್ಕಕ್ಕೆ ಹೋಗಿ, ಅವಳ ತಟ್ಟೆಯ ಅಂಚಿಗೆ ಎರಡೂ ಕೈ ಊರಿ, ಸಮವಾಗುವ ತನಕ ಒತ್ತಿ ಹಿಡಿದ.

"ಅತ್ಲಾಗ ಸರೀರಿ, ಮಂದಿ ನೋಡಾಕತ್ತಾರ," ಎಂದಳು ಅವ್ವ.

"ನೋಡ್ಲಿ. ಕಡಿಮಿ ಬಿದ್ದಷ್ಟು ನಂದು ಹಾಕೀನಿ," ಎಂದ ಅಪ್ಪ.