ಟವೆಲ್ಲಿನಡಿಯ ಮೂರು ಗಂಟೆ

ಈ ಅನುಭವಕ್ಕೆ ನಾನು ತೆತ್ತದ್ದು ಹದಿನಾರು ರೂಪಾಯಿ ಮತ್ತು ಒಂದು ಫಸ್ಟ್ ಕ್ಲಾಸ್. ಹದಿನಾರು ರೂಪಾಯಿ ಒಬ್ಬ ಮುದುಕನ ಬಸ್ ಟಿಕೆಟ್ಟಿಗೆ ಹೋಯಿತು. ಫಸ್ಟ್ ಕ್ಲಾಸು ಹೋದದ್ದು ನನ್ನ ಚೌಕಾಸಿಯ ಚಟಕ್ಕೆ. ಟಿಕೆಟ್ಟಿನ ದುಡ್ಡಿಗೆ ಯಾವತ್ತೂ ಮರುಗಿದವನಲ್ಲ. ಎರಡನೆಯದನ್ನು ನೆನೆದರೆ ಮಾತ್ರ ಇವತ್ತಿಗೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ದೆವ್ವ ಕಂಡೆ, ದೇವರು ಮೈಮೇಲೆ ಬಂತು ಎನ್ನುವವರನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಈಗಲೂ ಅಷ್ಟೇನೂ ಆಗುವುದಿಲ್ಲ. ಕಾಲೇಜಿನಲ್ಲಿ ನನ್ನ ಜೊತೆ ಬಿ.ಕಾಂ. ಓದುತ್ತಿದ್ದವರಲ್ಲಿ ಅರ್ಧ ಜನ ಪರೀಕ್ಷೆ ಬಂತೆಂದರೆ ತಲೆ ಕಳೆದುಕೊಳ್ಳುತ್ತಿದ್ದರು. ಒಬ್ಬ ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಬರುತ್ತಿದ್ದ. ಇನ್ನೊಬ್ಬ ಮೊದಲನೇ ಪೇಪರು ಚೆನ್ನಾಗಿ ಆಯಿತೆಂದು ಕೊನೇ ಪೇಪರಿನವರೆಗೂ ಅದೇ ಅಂಗಿಯನ್ನು ಒಗೆಯದೆ ತೊಟ್ಟು, ಅಕ್ಕಪಕ್ಕದ ಬೆಂಚಿನವರನ್ನೆಲ್ಲ ಫೇಲು ಮಾಡಿಸಲು ಹೊರಟಿದ್ದ. ನೆನಪಿನ ಶಕ್ತಿಯ ಮಾತ್ರೆ ನುಂಗುವವರು, ಗೈಡಿಗೆ ಅರಿಶಿನ ಕುಂಕುಮ ಹಚ್ಚುವವರು, ಒಬ್ಬೊಬ್ಬರದು ಒಂದೊಂದು. ಅವರನ್ನೆಲ್ಲ ನೋಡಿ ನಗುತ್ತಿದ್ದ ನಾನು ಅವರಿಗಿಂತ ದೊಡ್ಡ ಪೆದ್ದ ಎಂದು ತಿಳಿದದ್ದು ಆಮೇಲೆ.

ನಮ್ಮೂರು ಮಾಗಡಿ ಹತ್ತಿರ. ನಮ್ಮಪ್ಪ ದನದ ದಲ್ಲಾಳಿ. ಮಾರುವವನ ಕೈಯನ್ನೂ ಕೊಳ್ಳುವವನ ಕೈಯನ್ನೂ ಟವೆಲ್ಲಿನ ಒಳಗೆ ಹಿಡಿದು, ಬಾಯಿ ಬಿಡದೆ, ಬೆರಳಲ್ಲೇ ರೇಟು ಮಾತಾಡಿ ಎತ್ತಿನ ಜೋಡಿಯನ್ನು ಈ ಗೂಟದಿಂದ ಆ ಗೂಟಕ್ಕೆ ದಾಟಿಸುವುದು ಅವನ ಕಸುಬು. ಒಂದು ಬೆರಳು ಹಿಡಿದರೆ ಒಂದು, ಐದೂ ಹಿಡಿದರೆ ಐದು, ಬೆರಳಿನ ನಡುಗೆಣ್ಣು ಅದುಮಿದರೆ ಅರ್ಧ. ಸುತ್ತ ಇಪ್ಪತ್ತು ಜನ ನಿಂತಿದ್ದರೂ ರೇಟು ಗೊತ್ತಾಗುವುದು ಎರಡು ಕೈಗೆ ಮಾತ್ರ. ಅಕ್ಷರ ಕಲಿಯುವ ಮುಂಚೆಯೇ ನಾನು ಈ ಬೆರಳಿನ ಲೆಕ್ಕ ಕಲಿತಿದ್ದೆ. ಎದುರಿನವನು ಎಷ್ಟೇ ಹಿಡಿಯಲಿ, ಅದರ ಅರ್ಧಕ್ಕಿಂತ ಕೆಳಗಿನಿಂದ ಶುರು ಮಾಡಬೇಕು ಅನ್ನುವುದು ನನ್ನ ಮೈಯಲ್ಲಿ ಕೂತುಬಿಟ್ಟಿತ್ತು.

ಆ ಕಾಲಕ್ಕೆ ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಕಾರಿನ ಬಿಡಿಭಾಗ ಮಾಡುವ ಒಂದು ಕಂಪನಿಯವರು ನಮ್ಮ ಕಾಲೇಜಿಗೇ ಬಂದು, ಸ್ಟೋರ್ಸ್ ವಿಭಾಗಕ್ಕೆ ಹುಡುಗರು ಬೇಕು, ಆದರೆ ಫಸ್ಟ್ ಕ್ಲಾಸ್ ಇದ್ದವರು ಮಾತ್ರ ಬರಲಿ ಎಂದು ಹೇಳಿ ಹೋಗಿದ್ದರು. ನನಗೆ ಆ ಕೆಲಸ ಬೇಕೇ ಬೇಕಿತ್ತು. ಸೆಗಣಿ ವಾಸನೆಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಸಂತೆ ಸಂತೆ ಸುತ್ತುವ ಬಾಳು ನನಗೆ ಬೇಡವಾಗಿತ್ತು. ಲೆಕ್ಕ ಹಾಕಿದರೆ ಕೊನೇ ಪೇಪರು ಇನ್‌ಕಮ್ ಟ್ಯಾಕ್ಸಿನಲ್ಲಿ ಅರವತ್ತು ದಾಟಿದರೆ ಫಸ್ಟ್ ಕ್ಲಾಸು ಖಾಯಂ.

ಅದಕ್ಕೆ ನಾನು ಮಾಡಿದ ಕೆಲಸ ನೋಡಿ. ನಿದ್ದೆಯ ಜೊತೆ ಚೌಕಾಸಿಗೆ ಇಳಿದೆ. ಆರು ಗಂಟೆ ಇದ್ದದ್ದನ್ನು ನಾಲ್ಕಕ್ಕೆ ಇಳಿಸಿದೆ, ನಾಲ್ಕನ್ನು ಎರಡಕ್ಕೆ. ಮುದ್ದೆ ಉಂಡರೆ ತೂಕಡಿಕೆ ಬರುತ್ತದೆಂದು ಮುದ್ದೆ ಬಿಟ್ಟೆ. ಟೀ, ಬನ್ನು, ಮತ್ತೆ ಟೀ. ತಣ್ಣೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಓದುತ್ತಿದ್ದೆ. ಅವ್ವ ಮೂರು ಹೊತ್ತೂ ಬೈಯುತ್ತಿದ್ದಳು. ‘ಉಣ್ಣದೆ ಮಲಗದೆ ಓದೋನು ಬರೆಯೋ ಹೊತ್ಗೆ ಉಳೀತಾನೇನ್ಲಾ?’ ಎಂದು ಕೇಳಿದಳು ಒಮ್ಮೆ. ಅವಳಿಗೇನು ಗೊತ್ತು ಎಂದುಕೊಂಡೆ.

ಪಕ್ಕದ ಮನೆಯ ಸಿದ್ದರಾಜು ನನ್ನ ಕ್ಲಾಸಿನವನೇ. ಅವನ ಮನೆಯವರಿಗೆ ಒಸಿ ಹೊಲ, ಒಂದು ಮಂದೆ ಕುರಿ. ಅವನು ಸಂಜೆ ಕುರಿ ಕೂಡಿ, ಎರಡು ಮುದ್ದೆ ಉಂಡು, ಒಂದಷ್ಟು ಓದಿ ಒಂಬತ್ತೂವರೆಗೆ ಮಗುವಿನ ಹಾಗೆ ಮಲಗಿಬಿಡುತ್ತಿದ್ದ. ಎಮ್ಮೆ ಎಂದು ಕರೆಯುತ್ತಿದ್ದೆ ಅವನನ್ನು. ಅವನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ‘ಉಳೋಕ್ ಮುಂಚೆ ಎತ್ಗೂ ಮೇವಾಕಿ ಮಲಗುಸ್ತಾರೆ ಕಣ್ಲಾ. ದಲ್ಲಾಳಿ ಮಗಂಗೆ ನಾನ್ ಯೋಳ್ಬೇಕಾ?’ ಅಂದ. ಕುರಿ ಕಾಯುವವನಿಂದ ಬುದ್ಧಿ ಕಲಿಯುವ ಗತಿ ನನಗೆ ಬಂದಿಲ್ಲ ಎಂದು ನಕ್ಕೆ.

ಕೊನೇ ಪೇಪರು ಮಧ್ಯಾಹ್ನ ಎರಡಕ್ಕೆ. ನಾನು ಅಷ್ಟು ಹೊತ್ತಿಗೆ ಎರಡು ರಾತ್ರಿ ಕಣ್ಣೇ ಮುಚ್ಚಿರಲಿಲ್ಲ. ಬೆಳಿಗ್ಗೆ ಪುಸ್ತಕ ತೆರೆದರೆ ಅಕ್ಷರಗಳು ಇರುವೆ ಹರಿದ ಹಾಗೆ ಹರಿಯುತ್ತಿದ್ದವು. ಒಂದು ಸಾಲೂ ತಲೆಗೆ ಹತ್ತುತ್ತಿರಲಿಲ್ಲ. ಅದನ್ನು ಯಾರಿಗೂ ಹೇಳದೆ ಸಿದ್ದರಾಜುವಿನ ಜೊತೆ ರಾಮನಗರದ ಬಸ್ಸು ಹತ್ತಿದೆ. ಅವನು ಹಿಂದಿನ ಸೀಟಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕೂತ ಕೂಡಲೇ ಮಲಗಿದ. ನಾನು ಅವನ ಎರಡು ಸಾಲು ಮುಂದೆ ಪುಸ್ತಕ ತೆರೆದು ಕೂತೆ.

ಎರಡು ಸ್ಟಾಪು ಆದ ಮೇಲೆ ಪಕ್ಕದಲ್ಲಿ ಒಬ್ಬ ಮುದುಕ ಬಂದು ಕೂತ. ಒಣಕಲು ಮೈ, ಬಿಳೀ ಪಂಚೆ, ಹೆಗಲ ಮೇಲೆ ಕೆಂಪಂಚಿನ ಟವೆಲ್ಲು. ಯಾವುದೋ ಸಂತೆಯಲ್ಲಿ ನೋಡಿದ ಮುಖದಂತೆಯೂ ಇತ್ತು, ಎಲ್ಲೂ ನೋಡದ ಮುಖದಂತೆಯೂ ಇತ್ತು. ಕಂಡಕ್ಟರ್ ಬಂದಾಗ, ‘ಚಿಲ್ರೆ ಇಲ್ಲ ಕಣ್ ಮಗ, ನಂದೂ ಒಂದು ತಗಂಬುಡು’ ಅಂದ. ಜಗಳ ಆಡುವ ತ್ರಾಣ ನನಗಿರಲಿಲ್ಲ. ರಾಮನಗರಕ್ಕೆ ಎರಡು ಟಿಕೆಟ್ ತೆಗೆದೆ.

ಒಸಿ ದೂರ ಹೋದ ಮೇಲೆ ಅವನು ನನ್ನ ಕಣ್ಣನ್ನೇ ನೋಡಿ, ಪರೀಕ್ಷೆ ಎಷ್ಟು ಹೊತ್ತಿನದು ಎಂದು ಕೇಳಿದ. ಮೂರು ಗಂಟೆ ಎಂದೆ. ಅವನು ತಲೆ ಆಡಿಸಿ, ಟವೆಲ್ಲನ್ನು ಹೆಗಲಿನಿಂದ ಇಳಿಸಿ, ನನ್ನ ಬಲಗೈ ಮೇಲೆ ಹಾಸಿ, ಒಳಗೆ ಕೈ ತೂರಿಸಿ ನನ್ನ ಮೂರು ಬೆರಳು ಹಿಡಿದ.

ಮುದುಕನಿಗೆ ಅರಳುಮರಳು, ಬಸ್ಸನ್ನೇ ದನದ ಸಂತೆ ಅಂದುಕೊಂಡಿದ್ದಾನೆ ಎಂದು ನಗು ಬಂತು. ಆದರೆ ಕೈಗೆ ನಗು ಗೊತ್ತಾಗುವುದಿಲ್ಲ. ಅದು ತನ್ನ ಪಾಡಿಗೆ ಕಸುಬಿಗೆ ಇಳಿಯಿತು. ನಾನು ಅವನ ಒಂದೇ ಬೆರಳು ಹಿಡಿದೆ. ಅವನು ಮತ್ತೆ ಮೂರು ಹಿಡಿದ. ನಾನು ಒಂದೇ. ಅವನು ಎರಡೂವರೆಗೆ ಬಂದ, ಎರಡಕ್ಕೆ ಬಂದ. ‘ಒಸಿ ಯೋಚ್ನೆ ಮಾಡು ಮಗ’ ಅಂದ ಮೆಲ್ಲಗೆ. ದಲ್ಲಾಳಿಯ ಮಗನನ್ನು ಬಗ್ಗಿಸಲು ಬಂದಿದ್ದಾನೆ ಎಂದು ನನಗೆ ಹುರುಪೇ ಬಂದುಬಿಟ್ಟಿತು. ಒಂದು ಬೆರಳು ಹಿಡಿದು, ಪಕ್ಕದ ಬೆರಳಿನ ನಡುಗೆಣ್ಣು ಅದುಮಿದೆ. ಒಂದೂವರೆ. ಅದರ ಮೇಲೆ ಅಲುಗಲಿಲ್ಲ.

‘ಆಯ್ತು ಬುಡು. ನೀನೇ ಕೇಳಿದ್ದು’ ಎಂದು ಕೈ ಬಿಟ್ಟ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, ದಾರಿಯಲ್ಲಿ ಒಂದು ಮಾವಿನ ತೋಪಿನ ಹತ್ತಿರ ಇಳಿದು ಹೋದ. ರಾಮನಗರಕ್ಕೆ ಟಿಕೆಟ್ ತೆಗೆಸಿಕೊಂಡು ನಡುವೆ ಇಳಿಯುತ್ತಾನಲ್ಲ, ನನ್ನ ದುಡ್ಡಿನ ಬೆಲೆಯೇ ಗೊತ್ತಿಲ್ಲ ಎಂದು ಬೈದುಕೊಂಡೆ. ಅವನನ್ನು ಅರ್ಧಕ್ಕೆ ಇಳಿಸಿದ ಹೆಮ್ಮೆಯೂ ಇತ್ತು.

ಎರಡು ಗಂಟೆಗೆ ಪ್ರಶ್ನೆಪತ್ರಿಕೆ ಕೈಗೆ ಬಂತು. ಬೆಲ್ಲು ಹೊಡೆದದ್ದೇ ತಡ, ನನ್ನ ತಲೆ ತೊಳೆದಿಟ್ಟ ಸ್ಲೇಟಿನ ಹಾಗಾಯಿತು. ಉರಿಯುತ್ತಿದ್ದ ಕಣ್ಣು ತಣ್ಣಗಾಯಿತು. ಎಂದೋ ಒಂದು ಸಲ ಓದಿದ್ದ ಸೆಕ್ಷನ್ನುಗಳೆಲ್ಲ ಪುಟದ ಸಮೇತ ಕಣ್ಣ ಮುಂದೆ ನಿಂತವು. ಅಷ್ಟು ಚೆನ್ನಾಗಿ ನಾನು ಅದಕ್ಕೆ ಮುಂಚೆ ಬರೆದಿಲ್ಲ, ಆಮೇಲೂ ಬರೆದಿಲ್ಲ. ದೊಡ್ಡ ಲೆಕ್ಕ ಒಂದನ್ನು ಅರ್ಧ ಮಾಡಿ, ಮುಂದಿನ ಸಾಲಿಗೆ ಪೆನ್ನು ಇಟ್ಟೆ. ಅಲ್ಲಿಗೆ ನಿಂತಿತು. ಯಾರೋ ದೀಪ ಆರಿಸಿದ ಹಾಗೆ. ಮೂರಕ್ಕೆ ಎರಡನ್ನು ಕೂಡಿದರೆ ಎಷ್ಟು ಎಂದೂ ಗೊತ್ತಾಗಲಿಲ್ಲ. ತಲೆ ಎತ್ತಿ ಗೋಡೆ ಗಡಿಯಾರ ನೋಡಿದೆ. ಮೂರೂವರೆ.

ಮಿಕ್ಕ ಒಂದೂವರೆ ಗಂಟೆ ನಾನು ಕಣ್ಣು ಬಿಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದೆ. ಮುಂದಿನ ಬೆಂಚಿನಲ್ಲಿ ಎಮ್ಮೆ ಅಡಿಷನಲ್ ಶೀಟು ಕೇಳುತ್ತಿತ್ತು.

ಬರೆದದ್ದು ಅಷ್ಟೂ ಸರಿಯಿತ್ತು. ಪಾಸಾದೆ. ಫಸ್ಟ್ ಕ್ಲಾಸು ಬರಲಿಲ್ಲ. ಬಿಡದಿಯ ಕೆಲಸ ಸಿದ್ದರಾಜುವಿಗೆ ಸಿಕ್ಕಿತು.

ಮುದುಕನನ್ನು ನೋಡಿದೆಯಾ ಎಂದು ಪರೀಕ್ಷೆಯ ದಿನವೇ ಅವನನ್ನು ಕೇಳಿದ್ದೆ. ಇದ್ದ ಒಬ್ಬ ಸಾಕ್ಷಿ ದಾರಿಯುದ್ದಕ್ಕೂ ಗೊರಕೆ ಹೊಡೆದಿದ್ದ. ವಾರ ಬಿಟ್ಟು ಅದೇ ಕಂಡಕ್ಟರನ್ನು ಹಿಡಿದು ಕೇಳಿದೆ. ‘ಎರಡು ಕೇಳ್ದೆ, ಎರಡು ಹರಿದು ಕೊಟ್ಟೆ. ಪಕ್ಕದಾಗೆ ಯಾರವ್ರೆ ಅಂತ ನೋಡೋಕೆ ನಾನೇನ್ ಹೆಣ್ ನೋಡೋಕ್ ಬಂದಿದ್ನಾ?’ ಅಂದ. ನನ್ನ ಅಂಗಿಯ ಜೇಬಿನಲ್ಲಿ ಮಾತ್ರ ಎರಡೂ ಟಿಕೆಟ್ಟು ಇದ್ದವು. ಮುದುಕನದನ್ನು ಮುದುಕನ ಕೈಗೇ ಕೊಟ್ಟಿದ್ದೆ ಎಂದು ನನಗೆ ಈಗಲೂ ನೆನಪು.

ಅಪ್ಪನಿಗೆ ಹೇಳಿದಾಗ ಅವನು ನಗಲಿಲ್ಲ, ಹೆದರಲೂ ಇಲ್ಲ. ಉಣ್ಣುತ್ತಿದ್ದವನು ಕೈ ನಿಲ್ಲಿಸಿ ಒಂದೇ ಮಾತು ಕೇಳಿದ: ‘ಅವ್ನು ಕೊಡೋನೋ ಈಸ್ಕೊಳ್ಳೋನೋ ಅಂತ ಕೇಳ್ದೇನ್ಲಾ?’

ಇಲ್ಲ ಎಂದೆ.

‘ಟವೆಲ್ ಒಳಕ್ಕೆ ಕೈ ಇಡೋಕ್ ಮುಂಚೆ ಅದ್ನಲ್ವೇನ್ಲಾ ಕೇಳೋದು?’ ಎಂದು ಮುದ್ದೆಗೆ ಕೈ ಹಾಕಿದ.

ನಿದ್ದೆಗೆಟ್ಟ ತಲೆ ಒಂದೂವರೆ ಗಂಟೆಗಿಂತ ಹೆಚ್ಚು ಓಡುವುದಿಲ್ಲ, ಮುದುಕ ಬರೀ ಕನಸು ಎಂದು ನೀವು ಹೇಳಬಹುದು. ನಾನೂ ನನಗೆ ಹಾಗೆಯೇ ಹೇಳಿಕೊಂಡು ನೋಡಿದ್ದೇನೆ. ಹಾಗಿದ್ದರೆ ಎರಡು ಗಂಟೆ ಆಗಬಹುದಿತ್ತು, ಒಂದೇ ಗಂಟೆ ಆಗಬಹುದಿತ್ತು. ಗಡಿಯಾರದ ಮುಳ್ಳು ಸರಿಯಾಗಿ ನಾನು ಅದುಮಿದ ಗೆಣ್ಣಿನ ಮೇಲೆಯೇ ಯಾಕೆ ನಿಂತಿತು? ಗೊತ್ತಿಲ್ಲ. ಈಗ ನಾನು ಬಿಡದಿಯ ಕಾರ್ಖಾನೆಗಳ ಗುಜರಿ ಕೊಳ್ಳುತ್ತೇನೆ, ಚೌಕಾಸಿಯಲ್ಲೇ ಮನೆ ಕಟ್ಟಿದ್ದೇನೆ. ಸ್ಟೋರ್ಸಿನ ಕಿಟಕಿಯ ಆಚೆ ಸಿದ್ದರಾಜು ಕೂತಿರುತ್ತಾನೆ. ಈಗಲೂ ಒಂಬತ್ತೂವರೆಗೆ ಮಲಗುತ್ತಾನಂತೆ. ಅವನ ಹತ್ತಿರ ಒಂದು ರೂಪಾಯಿ ಇಳಿಸಲು ನನ್ನಿಂದ ಆಗಿಲ್ಲ.

ಪರೀಕ್ಷೆಗೆ ಕೂರುವವರಿಗೆ ನನ್ನದೊಂದು ಮಾತು. ಮನಸ್ಸಿಗೆ ಹುರುಪು ತುಂಬುತ್ತೇನೆಂದು ವೇದಿಕೆ ಮೇಲೆ ಕೂಗಾಡುವವರಿಗೆ ಕಾಸು ಸುರಿಯಬೇಡಿ. ಹೊಟ್ಟೆ ತುಂಬ ಉಣ್ಣಿ, ಕತ್ತಲಾದ ಮೇಲೆ ಮಲಗಿ, ಓದಿದ್ದು ಸಾಲದಿದ್ದರೆ ಸಾಲದು ಎಂದು ಒಪ್ಪಿಕೊಂಡು ಓದಿದ್ದಷ್ಟನ್ನು ಬರೆಯಿರಿ. ಅನ್ನ ನಿದ್ದೆಗಳ ರೇಟು ಇಳಿಸಲು ಹೋದರೆ ಇಳಿಯುವವರು ನೀವೇ. ಇಷ್ಟಾದರೂ ಕೇಳದೆ ಕಣ್ಣು ಕೆಂಪು ಮಾಡಿಕೊಂಡು ಬಸ್ಸು ಹತ್ತಿದಿರಿ ಅನ್ನಿ, ಪಕ್ಕದಲ್ಲಿ ಕೆಂಪಂಚಿನ ಟವೆಲ್ಲಿನ ಮುದುಕ ಬಂದು ಕೂತ ಅನ್ನಿ, ಮರುಮಾತಾಡದೆ ಅವನ ಟಿಕೆಟ್ಟು ತೆಗೆಯಿರಿ. ಮೂರು ಬೆರಳು ಹಿಡಿದರೆ ಸುಮ್ಮನೆ ಹಿಡಿಸಿಕೊಳ್ಳಿ.